ನೆರೆಕರೆಯ ಹೆಂಗಸರು ಸೇರಿ ವಾರದ ನುಸಿ ರೌಂಡ್ ಶುರು ಮಾಡೋದು ಹೇಗೆ?

ಮಳೆ ಶುರುವಾದ್ರೆ ಸಾಕು, ಮಂಗಳೂರಲ್ಲಿ ಯಾವ ಕ್ರಾಸಿಗೆ ಹೋದ್ರೂ ಒಂದೇ ಮಾತು, ಫಾಗಿಂಗ್‌ನವರು ಇನ್ನೂ ಬರ್ಲಿಲ್ಲ ಅಂತ. ಬರ್ಲಿ, ಬೇಡ ಅಂತ ಯಾರೂ ಹೇಳೋದಿಲ್ಲ, ಆದ್ರೆ ಆ ಹೊಗೆಗೆ ಸಾಯೋದು ಹಾರಾಡುವ ನುಸಿ ಮಾತ್ರ, ನೀರಲ್ಲಿರುವ ಮರಿಗೆ ಎಂತದೂ ಆಗೋದಿಲ್ಲ. ಮರಿ ಇರೋದು ನಮ್ಮ ನಮ್ಮ ಹಿತ್ತಿಲಲ್ಲಿ, ಟೆರೇಸಲ್ಲಿ, ಅಲ್ಲಿವರೆಗೆ ಹೋಗ್ಲಿಕ್ಕೆ ಸಲೀಸಾಗೋದು ಹೆಂಗಸರಿಗೇ. ಗುರ್ತ ಇಲ್ಲದ ಗಂಡಸು ಬಂದು ಹಿತ್ತಿಲು ನೋಡ್ಬೇಕು ಅಂದ್ರೆ ಯಾರು ಬಿಡ್ತಾರೆ ಹೇಳಿ, ಪಕ್ಕದ್ಮನೆ ಅಕ್ಕ ಆದ್ರೆ ಚಾ ಕುಡೀರಿ ಅಂತ ಕೂರಿಸ್ತಾರೆ.

ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಈ ಮರಿ ಹುಡುಕಿ ತೆಗೆಯೋದೇ ನುಸಿ ರೌಂಡ್, ಅದಕ್ಕೆ ನಾಲ್ಕೈದು ಜನ ಸಾಕು. ಇದಕ್ಕಂತ ಹೊಸ ಸಂಘ, ಅಧ್ಯಕ್ಷೆ, ಬ್ಯಾನರ್ ಎಲ್ಲ ಬೇಡ ಮಾರಾಯ್ರೆ, ಸ್ತ್ರೀಶಕ್ತಿ, ನವೋದಯ, ಧರ್ಮಸ್ಥಳ ಸಂಘ ಅಂತ ಮೊದಲೇ ಮೀಟಿಂಗಿಗೆ ಸೇರುವವರು ಇದ್ದೇ ಇದ್ದಾರೆ, ಅವರಲ್ಲೇ ಮನಸ್ಸಿರುವವರು ಹೊರಡಿ. ಒಂದು ತಂಡಕ್ಕೆ 25-30 ಮನೆ ಇಟ್ಕೊಳ್ಳಿ. ದಿನ ಮಾತ್ರ ಫಿಕ್ಸ್ ಇರ್ಬೇಕು, ಯಾಕಂದ್ರೆ ಮೊಟ್ಟೆ ಇಟ್ಟು ನುಸಿಯಾಗಿ ಹಾರ್ಲಿಕ್ಕೆ ನಮ್ಮ ಸೆಕೆಗೆ 7ರಿಂದ 10 ದಿನ ಸಾಕು, ಒಂದು ವಾರ ತಪ್ಪಿದ್ರೆ ಒಂದು ಬ್ಯಾಚ್ ಹಾರಿತು ಅಂತಲೇ ಲೆಕ್ಕ. ಮೊದಲನೇ ಸಲ ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರ್ಕೊಳ್ಳಿ, ಯಾವ ಮನೇಲಿ ಜ್ವರ ಬಂದಿತ್ತು ಅಂತ ಅವರಿಗೆ ಗೊತ್ತಿರ್ತದೆ.

ಕೈಯಲ್ಲಿ ಟಾರ್ಚ್, ಒಂದು ಬಿಳಿ ಬೌಲ್, ಒಂದು ನೋಟ್‌ಬುಕ್. ಅಷ್ಟೇ.

ಇನ್ನು ಹುಡುಕೋದು. ಇಲ್ಲಿ ಅವಸರ ಮಾಡ್ಲಿಕ್ಕಿಲ್ಲ. ಮಲೇರಿಯಾ ತರುವ ಅನಾಫಿಲಿಸ್ ಸ್ಟೀಫನ್ಸಿ ಅನ್ನೋ ನುಸಿಗೆ ಚರಂಡಿಗಿಂತ ಒಳ್ಳೆ ನೀರೇ ಇಷ್ಟ, ಹಾಗಾಗಿ ಮೊದಲು ಮೇಲಿನ ಟ್ಯಾಂಕ್ ನೋಡಿ, ಮುಚ್ಚಳ ಒಡೆದಿದ್ಯಾ, ಓವರ್‌ಫ್ಲೋ ಪೈಪಿನ ಬಾಯಿ ತೆರೆದು ಬಿಟ್ಟಿದ್ದಾರಾ. ಪೈಪಿನ ಬಾಯಿಗೆ ಹಳೇ ಬಟ್ಟೆ ತೆಳ್ಳಗೆ ಕಟ್ಟಿದ್ರೂ ಆಗ್ತದೆ, ಆದ್ರೆ ನೆಟ್ ಆದ್ರೆ ಬೆಸ್ಟ್. ಡೆಂಗ್ಯೂದ ಈಡಿಸ್‌ಗೆ ಸ್ವಲ್ಪ ನೀರು ಸಾಕು, ಗೆರಟೆ, ಅಡಿಕೆ ಹಾಳೆ, ಸೌದೆ ಮೇಲಿನ ಟಾರ್ಪಾಲಿನ ಮಡಿಕೆ, ತರಗೆಲೆ ಕಟ್ಟಿದ ಮಾಡಿನ ದಂಬೆ, ಮನಿಪ್ಲಾಂಟ್ ಬಾಟ್ಲಿ, ಎಲ್ಲಕ್ಕಿಂತ ಜಾಸ್ತಿ ಮರೆತುಹೋಗೋದು ಫ್ರಿಜ್ಜಿನ ಹಿಂದಿನ ಟ್ರೇ. ನಮ್ಮಲ್ಲಿ ಎಂತದೂ ಇಲ್ಲ ಅಕ್ಕ, ಡೈಲಿ ಕ್ಲೀನ್ ಮಾಡ್ತೇವೆ ಅನ್ನುವವರ ಹತ್ರ ವಾದ ಬೇಡ, ಟ್ರೇಯ ನೀರು ಬಿಳಿ ಬೌಲಿಗೆ ಸುರಿದು ತೋರಿಸಿ, ಮರಿ ಕೊಂಕಿ ಕೊಂಕಿ ಓಡಾಡೋದು ಕಣ್ಣಾರೆ ಕಂಡ್ರೆ ಮುಂದಿನ ವಾರ ಅವರೇ ತೊಳೆದಿಟ್ಟಿರ್ತಾರೆ.

ಟ್ಯಾಂಕಲ್ಲಿ ನೋಡುವಾಗ ನೆರಳು ಬಿದ್ರೆ ಮರಿಗಳು ಕೆಳಗೆ ಮುಳುಗ್ತವೆ, ಒಂದೆರಡು ನಿಮಿಷ ಅಲ್ಲಾಡದೆ ನಿಂತ್ಕೊಳ್ಳಿ, ಉಸಿರಾಡ್ಲಿಕ್ಕೆ ಮೇಲೆ ಬರ್ಲೇಬೇಕು. ನೀರಿನ ಮೇಲ್ಮೈಗೆ ಸಮವಾಗಿ ಮಲಗಿದ್ರೆ ಅನಾಫಿಲಿಸ್, ತಲೆ ಕೆಳಗೆ ಮಾಡಿ ನೇತಾಡಿದ್ರೆ ಈಡಿಸ್ ಅಥವಾ ಚರಂಡಿ ನುಸಿ. ನೀರು ಚೆಲ್ಲಿದ್ರೆ ಕೆಲಸ ಮುಗಿಯೋದಿಲ್ಲ, ಈಡಿಸ್ ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿರ್ತದೆ, ಒಣಗಿದ್ರೂ ತಿಂಗಳುಗಟ್ಟಲೆ ಬದುಕ್ತದೆ, ಆದ್ದರಿಂದ ಬ್ರಶ್ ಹಾಕಿ ತಿಕ್ಕಿ ತೊಳೀಬೇಕು.

ಬೋಳಾರ, ಜೆಪ್ಪು ಕಡೆ ಹಳೇ ಮನೆಗಳಲ್ಲಿ ಬಾವಿ ಇದ್ರೆ ನೆಟ್ ಹಾಕ್ಸಿ, ಇಲ್ಲ ಆರೋಗ್ಯ ಇಲಾಖೆಯವರಲ್ಲಿ ಮೀನು ಕೇಳಿ, ಗಪ್ಪಿ, ಗಂಬೂಸಿಯಾ ಎರಡೂ ಮರಿ ತಿಂತವೆ. ಆದ್ರೆ ಅದನ್ನು ತೋಡಿಗೆ, ಕೆರೆಗೆ ಬಿಡ್ಲಿಕ್ಕಿಲ್ಲ, ನಮ್ಮೂರಿನ ಸಣ್ಣ ಮೀನುಗಳಿಗೆ ಅದು ಉಪದ್ರ.

ಕಷ್ಟ ಇರೋದು ಕಟ್ಟಡದ ಸೈಟಲ್ಲಿ. 90ರ ದಶಕದಿಂದ ಇಲ್ಲಿ ಮಲೇರಿಯಾ ಜಾಸ್ತಿ ಆದದ್ದಕ್ಕೂ ಕಟ್ಟಡ ಏಳ್ಲಿಕ್ಕೆ ಶುರುವಾದದ್ದಕ್ಕೂ ಸಂಬಂಧ ಉಂಟು, ಸ್ಲ್ಯಾಬ್ ಗಟ್ಟಿಯಾಗ್ಲಿಕ್ಕೆ ಕ್ಯೂರಿಂಗ್ ಅಂತ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ಅರ್ಧ ಕಟ್ಟಿದ ಟ್ಯಾಂಕ್. ಒಬ್ಬರೇ ಹೋಗ್ಬೇಡಿ, ಮೂರು ನಾಲ್ಕು ಜನ ಸೇರಿ ಸೂಪರ್‌ವೈಸರನ್ನು ಕಂಡು ವಾರಕ್ಕೊಮ್ಮೆ ನೀರು ಪೂರ್ತಿ ಖಾಲಿ ಮಾಡಿ ಒಣಗಿಸ್ಲಿಕ್ಕೆ ಹೇಳಿ. ಕೇಳದಿದ್ರೆ ಫೋಟೋ, ತಾರೀಕು ಸಮೇತ ಮಹಾನಗರಪಾಲಿಕೆಗೆ ಲಿಖಿತ ದೂರು ಕೊಟ್ಟು ಅದರ ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ. ಬಾಯಿ ಮಾತಿನ ದೂರು ಎಲ್ಲಿ ಹೋಗ್ತದೆ ಅಂತ ನಿಮಗೂ ಗೊತ್ತು.

ಅಲ್ಲಿನ ಶೆಡ್‌ಗಳಿಗೂ ಒಮ್ಮೆ ಇಣುಕಿ. ಬೇರೆ ಊರಿಂದ ಬಂದ ಕೆಲಸದವರು ಜ್ವರಕ್ಕೆ ಮೆಡಿಕಲಿಂದ ಒಂದು ಗುಳಿಗೆ ತಿಂದು ಮಲಗಿರ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ಮಲೇರಿಯಾದ ರಕ್ತಪರೀಕ್ಷೆ, ಔಷಧಿ ಎರಡೂ ಫ್ರೀ ಅಂತ ಹೇಳಿ ಕಳಿಸಿ. ವೈವ್ಯಾಕ್ಸ್ ಅನ್ನೋ ಬಗೆಯ ಮಲೇರಿಯಾ ಅಂತ ಬಂದ್ರೆ ಲಿವರಿನಲ್ಲಿ ಅಡಗಿದ ರೋಗಾಣು ಸಾಯ್ಲಿಕ್ಕೆ ಡಾಕ್ಟರ್ 14 ದಿನಕ್ಕೆ ಪ್ರಿಮಾಕ್ವಿನ್ ಗುಳಿಗೆ ಬರೀತಾರೆ, ಗರ್ಭಿಣಿಯರಿಗೆ ಅದನ್ನು ಕೊಡೋದಿಲ್ಲ. ಜ್ವರ ಮೂರೇ ದಿನದಲ್ಲಿ ಬಿಡ್ತದೆ, ಜನ ಗುಳಿಗೆಯನ್ನೂ ಅಲ್ಲಿಗೇ ಬಿಡ್ತಾರೆ, ಲಿವರಿನಲ್ಲಿ ಉಳಿದ ರೋಗಾಣು ಕೆಲವು ವಾರ ಕಳೆದು ಪುನಃ ಏಳ್ತದೆ. ಹಾಗಾಗಿ ನೋಟ್‌ಬುಕ್ಕಿನ ಕೊನೇ ಪೇಜಲ್ಲಿ ಅವರ ಗುಳಿಗೆ ಮುಗಿಯೋ ತಾರೀಕು ಬರೆದಿಟ್ಟು, ಮುಂದಿನ ಎರಡು ರೌಂಡಲ್ಲೂ ಕೇಳಿ ಟಿಕ್ ಹಾಕಿ.