ಹೊಸ ಫೋನ್ ಕೊಳ್ಳುವ ಮುಂಚೆ: ಆಮೇಲೆ ಸೇರಿಸಲಾಗದ್ದಕ್ಕೆ ಮೊದಲು ದುಡ್ಡು ಹಾಕಿ

ಅಂಗಡಿಗೆ ಹೋಗಿ "15 ಸಾವಿರದೊಳಗೆ ಒಳ್ಳೇದು ಯಾವುದಿದೆ?" ಅಂತ ಕೇಳಿದರೆ ಟೇಬಲ್ ಮೇಲೆ ಐದಾರು ಫೋನ್ ಬಂದು ಕೂರುತ್ತವೆ. ಎಲ್ಲವೂ ಹೊಳೆಯುತ್ತವೆ, ಎಲ್ಲದರಲ್ಲೂ ದೊಡ್ಡ ದೊಡ್ಡ ಅಂಕಿ. ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಿಲ್ಲದಿದ್ದರೆ ಅಂಗಡಿಯವರು ಮುಂದಿಟ್ಟದ್ದೇ ನಿಮ್ಮ ಆಯ್ಕೆ ಆಗುತ್ತದೆ. ಹಾಗಾಗಿ ಕೆಲಸ ಮನೆಯಲ್ಲೇ ಶುರುವಾಗಬೇಕು.

ಮೊದಲು ಈಗಿರುವ ಫೋನ್‌ನ ಸೆಟ್ಟಿಂಗ್ಸ್ ತೆರೆಯಿರಿ. ಸ್ಟೋರೇಜ್ ಎಷ್ಟು ತುಂಬಿದೆ, ಯಾವುದರಿಂದ ತುಂಬಿದೆ ನೋಡಿ. ಬ್ಯಾಟರಿ ವಿಭಾಗದಲ್ಲಿ ಯಾವ ಆ್ಯಪ್ ಜಾಸ್ತಿ ತಿನ್ನುತ್ತಿದೆ ಅಂತಲೂ ಇರುತ್ತದೆ. ನೀವು ಫೋನ್‌ನಲ್ಲಿ ನಿಜವಾಗಿ ಏನು ಮಾಡುತ್ತೀರಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ದಿನವಿಡೀ ವಾಟ್ಸಾಪ್, ಯೂಟ್ಯೂಬ್, ಫೋನ್‌ಪೇ ಅಷ್ಟೇ ಇದ್ದರೆ ನಿಮಗೆ ಗೇಮಿಂಗ್ ಪ್ರೊಸೆಸರ್ ಬೇಡ. ಮಕ್ಕಳ ಫೋಟೊ, ವಿಡಿಯೊಗಳಿಂದಲೇ ಜಾಗ ತುಂಬಿದ್ದರೆ ನಿಮ್ಮ ದುಡ್ಡು ಸ್ಟೋರೇಜ್ ಕಡೆಗೆ ಹೋಗಬೇಕು. ಕೊನೆಗೆ, ಈಗಿನ ಫೋನ್‌ನಲ್ಲಿ ನಿಮಗೆ ಸಿಟ್ಟು ತರಿಸುವ ಮೂರು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಆ ಚೀಟಿ ತಗೊಂಡು ಹೋಗಿ.

ಇನ್ನು ಬಜೆಟ್. ಒಟ್ಟು ಬೆಲೆಯ ಬದಲು ವರ್ಷದ ಲೆಕ್ಕ ಹಾಕಿ. 12,000 ರೂಪಾಯಿಯ ಫೋನ್ ಎರಡೇ ವರ್ಷಕ್ಕೆ ಸುಸ್ತಾದರೆ ವರ್ಷಕ್ಕೆ 6,000 ಆಯಿತು. 18,000ದ ಫೋನ್ ನಾಲ್ಕು ವರ್ಷ ಬಂದರೆ ವರ್ಷಕ್ಕೆ 4,500. ಹಾಗಂತ ಸಾಲ ಮಾಡಿ ದುಬಾರಿಯದ್ದು ತಗೊಳ್ಳಿ ಅಂತ ಅಲ್ಲ, ಕೈಯಲ್ಲಿರುವ ದುಡ್ಡಿನಲ್ಲೇ ಹೆಚ್ಚು ವರ್ಷ ಬಾಳುವುದನ್ನು ಹುಡುಕಿ ಅಂತ. ಕವರ್, ಸ್ಕ್ರೀನ್ ಗಾರ್ಡ್ ಖರ್ಚನ್ನೂ ಸೇರಿಸಿ. ಈಗ ಕೆಲವು ಕಂಪನಿಗಳು ಡಬ್ಬಿಯಲ್ಲಿ ಚಾರ್ಜರ್ ಕೊಡುವುದಿಲ್ಲ, ಅದನ್ನೂ ಕೇಳಿಕೊಳ್ಳಿ. ನೋ ಕಾಸ್ಟ್ ಇಎಂಐ ಅಂದರೂ ಸಾಮಾನ್ಯವಾಗಿ ಬ್ಯಾಂಕಿನ ಪ್ರೊಸೆಸಿಂಗ್ ಫೀ ಇರುತ್ತದೆ, ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕ್ ಒಳಗೊಳಗೆ ಲೆಕ್ಕ ಹಾಕುವ ಬಡ್ಡಿಯ ಮೇಲಿನ 18% ಜಿಎಸ್‌ಟಿಯೂ ನಿಮ್ಮ ಬಿಲ್‌ಗೇ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಫೋನ್‌ನಲ್ಲಿ ಕೆಲವನ್ನು ಆಮೇಲೆ ಸರಿಮಾಡಬಹುದು. ಬ್ಯಾಟರಿ ಸೊರಗಿದರೆ ಸರ್ವಿಸ್ ಸೆಂಟರ್‌ನಲ್ಲಿ ಬದಲಾಯಿಸಬಹುದು, ಗಾಜು ಒಡೆದರೆ ಹಾಕಿಸಬಹುದು. ಆದರೆ ರ‍್ಯಾಮ್ (ಆ್ಯಪ್‌ಗಳು ಓಡುವಾಗ ಬಳಸುವ ಮೆಮೊರಿ), ಒಳಗಿನ ಸ್ಟೋರೇಜ್, ಸಾಫ್ಟ್‌ವೇರ್ ಅಪ್‌ಡೇಟ್‌ನ ವರ್ಷ, ಫೋನ್ ಹಿಡಿಯುವ ನೆಟ್‌ವರ್ಕ್ ಬ್ಯಾಂಡ್ (ಸಿಗ್ನಲ್ ಬರುವ ಅಲೆಗಳ ಗುಂಪು), ಈ ನಾಲ್ಕನ್ನು ಆಮೇಲೆ ಸೇರಿಸಲು ಆಗುವುದೇ ಇಲ್ಲ. ದುಡ್ಡು ಮೊದಲು ಇವಕ್ಕೆ ಹೋಗಲಿ.

ರ‍್ಯಾಮ್ 6 ಜಿಬಿ ಇದ್ದರೆ ಸಾಮಾನ್ಯ ಬಳಕೆಗೆ ನಡೆಯುತ್ತದೆ, 8 ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ. "8 ಪ್ಲಸ್ 8, ಒಟ್ಟು 16 ಜಿಬಿ" ಅಂತ ಬರೆದಿದ್ದರೆ ಮರುಳಾಗಬೇಡಿ. ಎರಡನೇ 8 ಅನ್ನುವುದು ಸ್ಟೋರೇಜಿನಿಂದಲೇ ಎರವಲು ಪಡೆದ ಜಾಗ. ಸ್ಟೋರೇಜ್ ರ‍್ಯಾಮ್‌ನಷ್ಟು ವೇಗವಾಗಿ ಕೆಲಸ ಮಾಡುವುದಿಲ್ಲ. ಮೊದಲಿನ ಅಂಕಿ ಮಾತ್ರ ಎಣಿಸಿ.

ಸ್ಟೋರೇಜ್ 128 ಜಿಬಿಗಿಂತ ಕಡಿಮೆ ಬೇಡ. ಫೋಟೊ ಜಾಸ್ತಿ ತೆಗೆಯುವವರು 256ಕ್ಕೆ ಹೋಗಿ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಉಚಿತ ಜಾಗ ನಿಂತಿತು, ಈಗ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್ ಕೂಡ ಬರುತ್ತದೆ. ಸ್ಟೋರೇಜಿನ ಬಗೆಯನ್ನೂ ಕೇಳಿ. ಕಡಿಮೆ ಬೆಲೆಯವುಗಳಲ್ಲಿ ಇಎಂಎಂಸಿ ಅನ್ನುವ ನಿಧಾನದ ಬಗೆ ಇರುತ್ತದೆ. ಯುಎಫ್‌ಎಸ್ ಇದ್ದರೆ ಆ್ಯಪ್‌ಗಳು ಬೇಗ ತೆರೆಯುತ್ತವೆ. ಎರಡು ವರ್ಷದ ಮೇಲೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಅಪ್‌ಡೇಟ್ ವಿಷಯವನ್ನು ಬಹಳ ಜನ ಕೇಳುವುದೇ ಇಲ್ಲ. ನನಗೆ ಇದರದ್ದೇ ಬೇಜಾರು. ನಮ್ಮ ಬ್ಯಾಂಕ್, ಯುಪಿಐ ಎಲ್ಲ ಇರುವುದು ಇದೇ ಫೋನ್‌ನಲ್ಲಿ ಅಲ್ವಾ? ಭದ್ರತಾ ಅಪ್‌ಡೇಟ್ ನಿಂತ ಫೋನ್‌ನಲ್ಲಿ ದುಡ್ಡು ಓಡಾಡಿಸುವುದು ಸರಿಯಲ್ಲ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ 7 ವರ್ಷದ ಅಪ್‌ಡೇಟ್ ಭರವಸೆ ಕೊಟ್ಟಿವೆ. ಅವು ದುಬಾರಿ ನಿಜ. ಆದರೆ ಗ್ಯಾಲಕ್ಸಿ ಎ16 5ಜಿಯಂಥ ಕಡಿಮೆ ಬೆಲೆಯ ಫೋನ್‌ಗೂ 6 ವರ್ಷದ ಮಾತು ಕೊಟ್ಟಿದ್ದಾರೆ. ಅದೇ ಬೆಲೆಯಲ್ಲಿ ಎರಡೇ ವರ್ಷ ಅನ್ನುವವೂ ಇವೆ. ಈ ವರ್ಷಗಳನ್ನು ಫೋನ್ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ. ಎರಡು ವರ್ಷ ಹಳೆಯ ಮಾಡೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡರೆ ಅಷ್ಟು ವರ್ಷ ಆಗಲೇ ಕಳೆದಿರುತ್ತದೆ.

ನೆಟ್‌ವರ್ಕ್ ವಿಷಯ ಬೆಂಗಳೂರಿನವರಿಗೆ ಅಷ್ಟು ತಲೆನೋವಲ್ಲ, ಮಲೆನಾಡು, ಕರಾವಳಿಯ ಹಳ್ಳಿಗಳವರಿಗೆ ಇದೇ ಎಲ್ಲ. ನಿಮ್ಮ ಮನೆ, ತೋಟದಲ್ಲಿ ಯಾವ ಸಿಮ್ ಸಿಗುತ್ತದೆ ಅಂತ ನೋಡಿ, ಆಮೇಲೆ ಫೋನ್ ನೋಡಿ. ದೂರಕ್ಕೆ, ಗೋಡೆಯ ಒಳಗೆ ಚೆನ್ನಾಗಿ ತಲುಪುವುದು 700 ಮೆಗಾಹರ್ಟ್ಸ್ ಅಲೆ. ಜಿಯೊದ 5ಜಿ, ಬಿಎಸ್‌ಎನ್‌ಎಲ್‌ನ 4ಜಿ ಎರಡೂ ಇದನ್ನು ಬಳಸುತ್ತವೆ. ಕಂಪನಿಯ ವೆಬ್‌ಸೈಟಿನಲ್ಲಿ ಬ್ಯಾಂಡ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ 4ಜಿಗೆ ಬಿ28, 5ಜಿಗೆ ಎನ್28 ಇದೆಯಾ ಅಂತ ನೋಡಿ. ಎರಡು ಸಿಮ್ ಜೊತೆ ಮೆಮೊರಿ ಕಾರ್ಡೂ ಬೇಕು ಅನ್ನುವವರು ಮೂರಕ್ಕೂ ಬೇರೆ ಬೇರೆ ಜಾಗ ಇದೆಯಾ ಅಂತ ಕೇಳಿ. ಕೆಲವದರಲ್ಲಿ ಎರಡನೇ ಸಿಮ್ ಅಥವಾ ಕಾರ್ಡ್, ಒಂದೇ.

ಹಾಗಾದರೆ ಯಾವುದನ್ನು ಬಿಡಬಹುದು? ಕ್ಯಾಮೆರಾಗಳ ಸಂಖ್ಯೆ. ಹಿಂದೆ ಮೂರು ಕಣ್ಣು ಇರುತ್ತವೆ, ಅದರಲ್ಲಿ ಎರಡು 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ, ಡೆಪ್ತ್ ಅಂತ ಸುಮ್ನೆ ಕೂತಿರುತ್ತವೆ. ಒಂದೇ ಒಳ್ಳೆಯ ಕ್ಯಾಮೆರಾ, ಅದರಲ್ಲಿ ಓಐಎಸ್ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇದ್ದರೆ ಸಾಕು. ಕೈ ಸ್ವಲ್ಪ ನಡುಗಿದರೂ, ಮದುವೆ ಮನೆಯ ಮಂದ ಬೆಳಕಿನಲ್ಲೂ ಫೋಟೊ ಕದಡುವುದು ಕಡಿಮೆ. ನೀರು ತಡೆಯುವ ಐಪಿ68 ಇದ್ದರೆ ಒಳ್ಳೆಯದೇ, ಆದರೆ ಒಳಗೆ ನೀರು ಹೋದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಅಂಗಡಿಯಲ್ಲಿ ಡೆಮೊ ಫೋನ್ ಹಿಡಿದುಕೊಂಡು ಬಾಗಿಲ ಬಳಿ ಬನ್ನಿ. ಬಿಸಿಲಿಗೆ ಹಿಡಿದಾಗ ಅಕ್ಷರ ಕಾಣುತ್ತದಾ ನೋಡಿ, ಒಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಅಪ್ಪ ಅಮ್ಮನಿಗೆ ಕೊಳ್ಳುತ್ತಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರವನ್ನು ದೊಡ್ಡದು ಮಾಡಿ ಅವರ ಕೈಗೆ ಕೊಡಿ. ಕೆಲವು ಫೋನ್‌ಗಳಲ್ಲಿ ಅಕ್ಷರ ದೊಡ್ಡದಾದ ಕೂಡಲೇ ಸಾಲು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಸ್ಪೀಕರ್ ಜೋರಾಗಿದೆಯಾ, ಬೆರಳಚ್ಚು ಹಿಡಿಯುತ್ತದಾ ಅವರಿಂದಲೇ ಮಾಡಿಸಿ ನೋಡಿ. ಹೊಲದಲ್ಲಿ ಕೆಲಸ ಮಾಡಿ ಸವೆದ ಬೆರಳನ್ನು ಕೆಲವು ಸೆನ್ಸರ್ ಗುರುತಿಸುವುದೇ ಇಲ್ಲ.

ಆನ್‌ಲೈನ್ ಸೇಲ್‌ನಲ್ಲಿ ಅಗ್ಗ ಅನ್ನಿಸಿದರೂ ನಿಮ್ಮೂರಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ನೋಡಿ. ಸ್ಕ್ರೀನ್ ಒಡೆದಾಗ ಜಿಲ್ಲಾ ಕೇಂದ್ರಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿಬರುವ ಖರ್ಚು ಆ ರಿಯಾಯಿತಿಯನ್ನು ತಿಂದುಹಾಕುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮೊದಲು *#06# ಒತ್ತಿ 15 ಅಂಕಿಯ ಐಎಂಇಐ (ಪ್ರತಿ ಫೋನ್‌ನ ಗುರುತಿನ ಸಂಖ್ಯೆ) ನೋಡಿ. ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಅಥವಾ ಡೂಪ್ಲಿಕೇಟ್ ಅಂತ ಉತ್ತರ ಬಂದರೆ ಎಷ್ಟೇ ಅಗ್ಗವಾಗಿದ್ದರೂ ವಾಪಸ್ ಕೊಟ್ಟುಬಿಡಿ.

ಹೊಸದಾದರೆ ಬಿಲ್ಲಿನಲ್ಲಿ, ಡಬ್ಬಿಯ ಮೇಲೆ, ಫೋನ್ ಒಳಗೆ ಮೂರೂ ಕಡೆ ಐಎಂಇಐ ಒಂದೇ ಇರಬೇಕು. ಆನ್‌ಲೈನ್‌ನಲ್ಲಿ ತರಿಸಿದ್ದರೆ ಡಬ್ಬಿ ತೆರೆಯುವುದನ್ನು ವಿಡಿಯೊ ಮಾಡಿಕೊಳ್ಳಿ. ಬದಲಿ ಕೊಡುವ ಅವಧಿ ಎಷ್ಟು ದಿನ ಅಂತ ಮೊದಲೇ ಓದಿಕೊಂಡು, ಅಷ್ಟರೊಳಗೆ ಎಲ್ಲ ಪರೀಕ್ಷಿಸಿ: ಎರಡೂ ಸಿಮ್ ಹಾಕಿ ಕರೆ ಮಾಡಿ, ಒಂದು ತಾಸು ವಿಡಿಯೊ ಹಚ್ಚಿ ಬಿಸಿಯಾಗುತ್ತದಾ ಮುಟ್ಟಿ ನೋಡಿ, ಪೂರ್ತಿ ಬಿಳಿ ಚಿತ್ರ ತೆರೆದು ಪರದೆಯಲ್ಲಿ ಚುಕ್ಕೆ ಇದೆಯಾ ನೋಡಿ. ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಹಳೆಯ ಫೋನ್ ಅಳಿಸಿ. ಅದಕ್ಕೂ ಮುಂಚೆ ವಾಟ್ಸಾಪ್ ಬ್ಯಾಕಪ್ ಆಗಿದೆಯಾ, ಬ್ಯಾಂಕ್ ಆ್ಯಪ್‌ಗಳು ಹೊಸದರಲ್ಲಿ ತೆರೆಯುತ್ತಿವೆಯಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ.