ರಾತ್ರಿ ಪಾಳಿಯವರು ಚಾ ಯಾವಾಗ ಕುಡಿಯಬೇಕು, ಯಾವಾಗ ನಿಲ್ಲಿಸಬೇಕು

ಶಕ್ತಿನಗರದ ವಿದ್ಯುತ್ ಸ್ಥಾವರ ಇರಲಿ, ಹಟ್ಟಿ ಗಣಿ ಇರಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರಲಿ, ರಾತ್ರಿ ಪಾಳಿಯವರ ಗೋಳು ಒಂದೇ. ಕೆಲಸದ ಹೊತ್ತಲ್ಲಿ ಕಣ್ಣು ಎಳೆಯುತ್ತದೆ, ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತುವುದಿಲ್ಲ. ಎಲ್ಲರೂ ಬಿಸಿಲಿಗೆ ಬೈಯುತ್ತಾರೆ. ರಾಯಚೂರಿನ ಬಿಸಿಲು ಬೈಸಿಕೊಳ್ಳೋಕೆ ಲಾಯಕ್ಕೇ ಬಿಡಿ, ಆದರೆ ಪಾಳಿ ಮುಗಿಸಿ ಬಂದು ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಮೇಲೆ ಕುಡಿಯುವ ಖಡಕ್ ಚಾದ ಮೇಲೂ ಸ್ವಲ್ಪ ಅನುಮಾನ ಇರಲಿ.

ನಾವು ಎಚ್ಚರ ಇದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದಷ್ಟೂ ತೂಕಡಿಕೆ. ಚಾ, ಕಾಫಿಯಲ್ಲಿರುವ ಕೆಫೀನ್ ಅದನ್ನು ಕರಗಿಸುವುದಿಲ್ಲ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಅದರ ಜಾಗ ಹಿಡಿದು ಕೂರುತ್ತದೆ ಅಷ್ಟೆ. ಹಾಗಾಗಿ ಚಾ ಕುಡಿದರೆ ನಿದ್ದೆಯ ಸಾಲ ತೀರುವುದಿಲ್ಲ, ಮುಂದಕ್ಕೆ ಹೋಗುತ್ತದೆ.

ಕುಡಿದ ಅರ್ಧದಿಂದ ಒಂದು ಗಂಟೆಯೊಳಗೆ ಕೆಫೀನ್ ಜೋರು ಹಿಡಿಯುತ್ತದೆ. ಅದರಲ್ಲಿ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಈಗ ಲೆಕ್ಕ ಹಾಕಿ. ಪಾಳಿ ರಾತ್ರಿ 10ರಿಂದ ಬೆಳಗ್ಗೆ 6, ಮನೆಗೆ ಬಂದು 8ಕ್ಕೆ ಮಲಗುತ್ತೀರಿ ಅಂದುಕೊಳ್ಳಿ. ಕೊನೆಯ ಚಾ 2 ಗಂಟೆಗೆ, ಅದರಾಚೆ ಬೇಡ. ಪಾಳಿ ಶುರುವಿಗೆ ಒಂದು, ಆಮೇಲೆ ದೊಡ್ಡ ಲೋಟ ಒಂದೇ ಸಲ ಇಳಿಸುವ ಬದಲು ಒನ್ ಬೈ ಟೂ ಮಾಡಿ ಎರಡು ಸಲ ಕುಡಿಯಿರಿ. ವಿರಾಮದಲ್ಲಿ ಮಲಗೋಕೆ ಬಿಡುತ್ತಾರಾ? ಹಾಗಾದರೆ ಚಾ ಕುಡಿದ ತಕ್ಷಣ 15-20 ನಿಮಿಷ ಕಣ್ಣು ಮುಚ್ಚಿ, ಏಳುವ ಹೊತ್ತಿಗೆ ಕೆಫೀನ್ ಕೆಲಸ ಶುರು ಮಾಡಿರುತ್ತದೆ. ಬೆಳಗಿನ ಜಾವ 3ರಿಂದ 5 ನಿಜಕ್ಕೂ ಕಷ್ಟ. ಆಗ ಮುಖ ತೊಳೆದು, ಜೋರು ಬೆಳಕಲ್ಲಿ ನಾಲ್ಕು ಹೆಜ್ಜೆ ಓಡಾಡಿ.

ಬೆಳಗ್ಗೆ ಗೆಳೆಯರ ಜೊತೆ ಚಾದಂಗಡಿ ಮುಂದೆ ನಿಲ್ಲದೆ ಹೇಗೆ ಬರೋದು ಅಂತೀರಾ? ನಿಲ್ಲಿ, ಒಗ್ಗರಣೆ ತಿನ್ನಿ, ಮಜ್ಜಿಗೆ ಕುಡಿಯಿರಿ. ಯಾರೂ ಏನೂ ಅನ್ನಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ, ಒಂದೆರಡು ಕಪ್ ಹುರುಪು ಕೊಡುವುದು ಖರೆ. ಜಾಸ್ತಿಯಾದರೆ ಎದೆ ಡವಡವ, ಕೈ ನಡುಕ, ಸುಮ್ನೆ ಸುಮ್ನೆ ಸಿಟ್ಟು. ಇನ್ನೊಂದು, ದಿನಾ ಕುಡಿಯುವವರಿಗೆ ಮೊದಲ ಕಪ್ ಕೊಡುವ ಖುಷಿಯಲ್ಲಿ ಒಂದು ಪಾಲು ಹೊಸ ಖುಷಿಯೇ ಅಲ್ಲ, ಚಾ ಸಿಗದೆ ಬಂದಿದ್ದ ಜಡ್ಡು ಬಿಟ್ಟಿದ್ದು ಅಷ್ಟೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ ಅನ್ನುತ್ತಾರೆ. ಬಸುರಿಯರಿಗೆ 200 ಸಾಕು, ಅವರ ಮೈಯಿಂದ ಅದು ಇಳಿಯುವುದೂ ನಿಧಾನ.

ಕಡಿಮೆ ಮಾಡುವವರು ಒಂದೇ ದಿನಕ್ಕೆ ಬಿಡಬೇಡಿ, ಮರುದಿನವೇ ತಲೆನೋವು ಹಿಡಿಯುತ್ತದೆ. ವಾರಕ್ಕೆ ಅರ್ಧ ಕಪ್ಪಿನಂತೆ ಇಳಿಸಿ. ತಲೆನೋವಿಗೆ ಗುಳಿಗೆ ತಗೊಳ್ಳುವ ಮುಂಚೆ ಪಟ್ಟಿಯ ಹಿಂಭಾಗ ಓದಿ, ಕೆಲವದರಲ್ಲಿ ಕೆಫೀನೇ ಇರುತ್ತದೆ.