ಕಾಡ್ಗಿಚ್ಚಿನ ಹೊಗೆ, ಮಕ್ಕಳ ಕೆಮ್ಮು: ಉಪಗ್ರಹದ ಡೇಟಾ ಇಟ್ಟುಕೊಂಡು ನೋಡುವುದು ಹೇಗೆ

ಫೆಬ್ರವರಿ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಎರಡು ಸುದ್ದಿ ಜೋಡಿಯಾಗಿ ಬರುತ್ತವೆ. ಎಲ್ಲೋ ಕಾಡಿಗೆ ಬೆಂಕಿ ಬಿದ್ದಿದೆ ಅಂತ ಟಿವಿಯಲ್ಲಿ, ಮಗುವಿಗೆ ಹತ್ತು ದಿನದಿಂದ ಕೆಮ್ಮು ಬಿಟ್ಟೇ ಇಲ್ಲ ಅಂತ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಎರಡಕ್ಕೂ ಗಂಟು ಹಾಕುವ ಮುಂಚೆ ಒಂದಷ್ಟು ಕೆಲಸ ಇದೆ. ಡೇಟಾ ಎಲ್ಲ ಪುಕ್ಕಟೆ ಸಿಗುತ್ತದೆ, ಒಂದು ಲ್ಯಾಪ್‌ಟಾಪ್, ಎಕ್ಸೆಲ್, ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್ ಇದ್ದರೆ ಶುರು ಮಾಡಬಹುದು.

ಮೊದಲು ಬೆಂಕಿ ಎಲ್ಲಿತ್ತು ಅಂತ ನೋಡಿ. ನಾಸಾದ ಫರ್ಮ್ಸ್ ತಾಣದಲ್ಲಿ ಹಳೇ ದಿನಗಳ ಬೆಂಕಿ ಚುಕ್ಕೆಗಳು, ಅಂದರೆ ಉಪಗ್ರಹಕ್ಕೆ ಬಿಸಿ ಕಂಡ ಜಾಗಗಳು, ಸಿಗುತ್ತವೆ. ಅದರಲ್ಲಿ ವಿಯರ್ಸ್, ಮೋಡಿಸ್ ಅಂತ ಉಪಗ್ರಹದ ಮೇಲಿನ ಎರಡು ಸಾಧನಗಳ ಡೇಟಾ ಇರುತ್ತದೆ, ವಿಯರ್ಸ್ ಸಾಧನದ್ದನ್ನೇ ತಗೊಳ್ಳಿ, ಅದರ ಒಂದು ಚುಕ್ಕೆ 375 ಮೀಟರ್‌ನದು, ಮೋಡಿಸ್‌ನದು 1 ಕಿಲೋಮೀಟರ್. ಕೈ ಪಳಗಲಿಕ್ಕೆ 2019ರ ಫೆಬ್ರವರಿ ಕೊನೆಯ ವಾರ ಒಳ್ಳೆಯದು, ಬಂಡೀಪುರಕ್ಕೆ ದೊಡ್ಡ ಬೆಂಕಿ ಬಿದ್ದ ದಿನಗಳು. ಮ್ಯಾಪಿನ ಮೇಲೆ ಹಾಕಿದರೆ ಬೆಂಕಿ ದಿನದಿಂದ ದಿನಕ್ಕೆ ಹೇಗೆ ಹರಡಿತು ಅಂತ ಕಣ್ಣಿಗೇ ಕಾಣುತ್ತದೆ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೀನಿ. ಫೈಲಿನಲ್ಲಿರುವ ಸಮಯ ನಮ್ಮದಲ್ಲ, ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಉಪಗ್ರಹ ನಮ್ಮ ತಲೆ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಆಸುಪಾಸು, ಆಮೇಲೆ ರಾತ್ರಿ ಒಂದೂವರೆ ಆಸುಪಾಸು. ಫೈಲಿನಲ್ಲಿ 23ನೇ ತಾರೀಕು, ಸಮಯ 2012, ಅಂದರೆ ರಾತ್ರಿ 8 ಗಂಟೆ 12 ನಿಮಿಷ, ಅಂತ ಇದೆ ಅಂದುಕೊಳ್ಳಿ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮಗೆ 24ನೇ ತಾರೀಕು ಬೆಳಗಿನ ಜಾವ 1 ಗಂಟೆ 42 ನಿಮಿಷ. ಅಂದರೆ ರಾತ್ರಿಯ ಚುಕ್ಕೆಗಳೆಲ್ಲ ಒಂದು ದಿನ ಹಿಂದೆ ಕೂತಿರುತ್ತವೆ. ನಾನು ಇದನ್ನು ನೋಡದೆ ಇಡೀ ತಿಂಗಳ ಲೆಕ್ಕ ಮಾಡಿ, ಹೊಗೆ ಬಂದ ಎರಡನೇ ದಿನ ಮಕ್ಕಳಿಗೆ ಜಾಸ್ತಿಯಾಗುತ್ತೆ ಅಂತ ಖುಷಿಪಟ್ಟಿದ್ದೆ, ಸರಿ ಮಾಡಿದ ಮೇಲೆ ಅದು ಮೊದಲನೇ ದಿನಕ್ಕೆ ಬಂದು ಕೂತಿತು. ಇನ್ನೊಂದು, ಎಕ್ಸೆಲ್ ಸುಮ್ನೆ ಇರಲ್ಲ, 0812 ಅನ್ನುವುದನ್ನು 812 ಮಾಡಿಬಿಡುತ್ತದೆ. ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿಕೊಂಡೇ ತೆರೆಯಿರಿ.

ಎಲ್ಲ ಚುಕ್ಕೆಯೂ ಕಾಡ್ಗಿಚ್ಚಲ್ಲ. ಬಳ್ಳಾರಿ ಕಡೆ ತೋರಣಗಲ್ಲಿನ ಹತ್ತಿರ ವರ್ಷಪೂರ್ತಿ ಚುಕ್ಕೆ ಕಂಡರೆ ಗಾಬರಿ ಬೇಡ, ಅದು ಉಕ್ಕಿನ ಕುಲುಮೆಯ ಬಿಸಿ. ಹಳೇ ಡೇಟಾದಲ್ಲಿ ಟೈಪ್ ಅಂತ ಒಂದು ಕಾಲಂ ಇರುತ್ತದೆ, ಅದರಲ್ಲಿ 0, ಅಂದರೆ ಗಿಡಮರಕ್ಕೆ ಬಿದ್ದ ಬೆಂಕಿ, ಅಂತ ಇರುವ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಿ.

ಇನ್ನು ಗಾಳಿ. ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ. ಬಂಡೀಪುರ ನಮಗೆ ನೈಋತ್ಯಕ್ಕಿದೆ, ಫೆಬ್ರವರಿ ಮಾರ್ಚ್‌ನಲ್ಲಿ ಬೆಂಗಳೂರಿಗೆ ಗಾಳಿ ಸಾಮಾನ್ಯವಾಗಿ ಬೀಸುವುದು ಪೂರ್ವದ ಕಡೆಯಿಂದ. ಅಲ್ಲಿಯ ಹೊಗೆ ನಮ್ಮ ಕಡೆ ಬರುವುದಕ್ಕಿಂತ ಕೇರಳದ ಕಡೆ ಹೋಗುವುದೇ ಜಾಸ್ತಿ. ನಮ್ಮ ಹೊಗೆ ಹುಡುಕಬೇಕಾದ್ದು ಪೂರ್ವಕ್ಕಿರುವ ಆಂಧ್ರದ ಶೇಷಾಚಲ, ತಮಿಳುನಾಡಿನ ಕೃಷ್ಣಗಿರಿ ದಿಕ್ಕಿನಲ್ಲಿ. ಟಿವಿ ಸುದ್ದಿ ನೋಡಿ ಹಿಡಿದ ದಿಕ್ಕು ಪೂರ್ತಿ ಉಲ್ಟಾ ಆಯ್ತು, ಅಲ್ವಾ? ಅಮೆರಿಕದ ನೋವಾ ಸಂಸ್ಥೆಯ ಹೈಸ್ಪ್ಲಿಟ್ ಅಂತ ಒಂದು ಉಪಕರಣ ಇದೆ. ಬೆಂಗಳೂರಿನ ಅಕ್ಷಾಂಶ ರೇಖಾಂಶ, ತಾರೀಕು ಕೊಟ್ಟು 48 ಗಂಟೆ ಹಿಂದಕ್ಕೆ ಓಡಿಸಿದರೆ ಆ ಗಾಳಿ ಯಾವ ದಾರಿಯಲ್ಲಿ ಬಂತು ಅಂತ ಗೆರೆ ಎಳೆದು ತೋರಿಸುತ್ತದೆ. ಆ ಗೆರೆ ಬೆಂಕಿ ಚುಕ್ಕೆಗಳ ಮೇಲೆ ಹಾದರೆ ಮಾತ್ರ ಮುಂದೆ ಹೋಗಿ.

ಹೊಗೆ ಎಷ್ಟಿತ್ತು ಅನ್ನುವುದಕ್ಕೆ ಏರೋಸಾಲ್ ಆಪ್ಟಿಕಲ್ ಡೆಪ್ತ್, ಅಂದರೆ ಎಒಡಿ, ಗಾಳಿಯಲ್ಲಿರುವ ಹೊಗೆ ಧೂಳಿನ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಅನ್ನುವ ಅಳತೆ. ಮೋಡಿಸ್‌ನ ಮಾಯಾಕ್ ಅನ್ನುವ ಡೇಟಾದಲ್ಲಿ ದಿನಕ್ಕೊಂದು, 1 ಕಿಲೋಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಉಪಗ್ರಹ ಡೇಟಾ ಸಿಗುವ ತಾಣವಾದ ಗೂಗಲ್ ಅರ್ಥ್ ಎಂಜಿನ್‌ನಲ್ಲೇ ತೆಗೆಯಬಹುದು. ಆದರೆ ಇದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಲೆಕ್ಕ. ಹೊಗೆ ಎರಡು ಕಿಲೋಮೀಟರ್ ಮೇಲೆ ತೇಲಿ ಹೋದರೂ ಎಒಡಿ ಏರುತ್ತದೆ, ಕೆಳಗೆ ಪಾರ್ಕಿನಲ್ಲಿ ಆಡುವ ಮಗುವಿಗೆ ಅದು ಗೊತ್ತೂ ಆಗಲ್ಲ. ಮೋಡ ಇದ್ದ ದಿನ ಡೇಟಾ ಖಾಲಿ. ಖಾಲಿ ಇರುವ ಕಡೆ ಸೊನ್ನೆ ತುಂಬಬೇಡಿ, ದಯವಿಟ್ಟು.

ಅದಕ್ಕೇ ನೆಲದ ಮಾಪನ ಬೇಕು. ಹೆಬ್ಬಾಳ, ಜಯನಗರ, ಪೀಣ್ಯ, ಸಿಲ್ಕ್ ಬೋರ್ಡ್ ಕೇಂದ್ರಗಳ ಪಿಎಂ 2.5, ಅಂದರೆ ಶ್ವಾಸಕೋಶದ ಒಳಕ್ಕೆ ಹೋಗುವಷ್ಟು ಸಣ್ಣ ಕಣಗಳ ಲೆಕ್ಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಾಣದಲ್ಲಿದೆ. ನಮ್ಮ ದೇಶದ 24 ಗಂಟೆಯ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಸಿಲ್ಕ್ ಬೋರ್ಡಿನಲ್ಲಿ ಮಾತ್ರ ಏರಿದರೆ ಅದು ಟ್ರಾಫಿಕ್. ನಾಲ್ಕೂ ಕಡೆ ಒಟ್ಟಿಗೆ ಏರಿದರೆ, ಗಾಳಿಯ ಗೆರೆಯೂ ಎಒಡಿಯೂ ಹೌದು ಅಂದರೆ, ಅದನ್ನು ಹೊಗೆ ದಿನ ಅಂತ ಗುರುತು ಹಾಕಿ.

ಮಕ್ಕಳ ಲೆಕ್ಕ ಕ್ಲಿನಿಕ್‌ನಿಂದ ಬರಬೇಕು. ಆಸ್ಪತ್ರೆಯ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಮೊದಲು, ಡೇಟಾ ಆಮೇಲೆ. ಹೆಸರು, ಫೋನ್ ನಂಬರ್ ಬೇಡವೇ ಬೇಡ. ತಾರೀಕು, ವಯಸ್ಸು, ಪಿನ್‌ಕೋಡ್, ಉಬ್ಬಸವೋ ಬರೀ ನೆಗಡಿಯೋ, ನೆಬ್ಯುಲೈಸರ್ ಕೊಟ್ಟರೋ ಇಲ್ಲವೋ, ಇಷ್ಟು ಸಾಕು. ಸೋಮವಾರ ಯಾವಾಗಲೂ ರಶ್, ಭಾನುವಾರ ಕ್ಲಿನಿಕ್ ಮುಚ್ಚಿರುತ್ತಲ್ಲ. ಹಾಗಾಗಿ ಹೊಗೆ ದಿನವನ್ನು ಬೇರೆ ಯಾವುದೋ ದಿನದ ಜತೆ ಹೋಲಿಸಬೇಡಿ. ಮಗು 14ನೇ ತಾರೀಕು ಮಂಗಳವಾರ ಬಂದಿದ್ದರೆ ಅದೇ ತಿಂಗಳ 7, 21, 28ನೇ ತಾರೀಕಿನ ಮಂಗಳವಾರಗಳಲ್ಲಿ ಹೊಗೆ ಇತ್ತಾ ನೋಡಿ. ಆ ಮಗುವಿಗೆ ಆ ಮಗುವೇ ಹೋಲಿಕೆ, ಹೀಗಾಗಿ ಮನೆ, ಬಡತನ, ಮೊದಲಿಂದ ಇದ್ದ ಆಸ್ತಮಾ ಎಲ್ಲ ಎರಡೂ ಕಡೆ ಒಂದೇ ಆಗುತ್ತದೆ. ಹೊಗೆ ಬಂದ ದಿನ, ಮಾರನೇ ದಿನ, ಮೂರನೇ ದಿನ, ಮೂರಕ್ಕೂ ಬೇರೆ ಬೇರೆ ಲೆಕ್ಕ ಮಾಡಿ. ನಲವತ್ತು ಮಕ್ಕಳಿಟ್ಟುಕೊಂಡು ಏನೂ ಹೇಳಲಿಕ್ಕಾಗಲ್ಲ, ಕನಿಷ್ಠ ಎರಡು ಮೂರು ವರ್ಷದ ರಿಜಿಸ್ಟರ್ ಬೇಕು.

ಉಪಗ್ರಹಕ್ಕೆ ಕಾಣದ ಬೆಂಕಿಯೂ ಇದೆ. ಬೀದಿ ಕೊನೆಯಲ್ಲಿ ಬೆಳಗ್ಗೆ ಆರಕ್ಕೆ ತರಗೆಲೆ ಗುಡಿಸಿ ಹಚ್ಚುವ ಗುಡ್ಡೆ 375 ಮೀಟರ್ ಚುಕ್ಕೆಗೆ ಲೆಕ್ಕಕ್ಕೇ ಇಲ್ಲ, ಅದೂ ಮಧ್ಯಾಹ್ನ ಉಪಗ್ರಹ ಬರುವ ಹೊತ್ತಿಗೆ ಬೂದಿಯಾಗಿರುತ್ತದೆ. ರಿಜಿಸ್ಟರ್‌ನಲ್ಲಿ ಅದಕ್ಕೆ ಕಾಲಂ ಇರಲ್ಲ. ಒಂದು ಹಾಕಿಸಿ, ಮಗು ಕರೆತಂದವರನ್ನು ಕೇಳಿ ಬರೆಯಲು ನರ್ಸಮ್ಮನಿಗೆ ಹೇಳಿ: "ಮನೆ ಹತ್ರ ಈ ಎರಡು ದಿನದಲ್ಲಿ ಏನಾದ್ರೂ ಸುಟ್ರಾ?"